ಅನಿದ್ರೆಯೂ ಅಯಸ್ಕಾಂತ ಚಿಕಿತ್ಸೆಯೂ

ಶರೀರವನ್ನು ಎತ್ತಿ ನಿಲ್ಲಿಸುವ ಉಪಸ್ತಂಭಗಳು ಮೂರೆಂದೂ, ಆಹಾರ, ನಿದ್ರೆ, ಬ್ರಹ್ಮಚರ್ಯಗಳೇ ಅವೆಂದೂ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಉಕ್ತವಾಗಿದೆ. ಈ ಮೂರರಲ್ಲಿ ಆಹಾರವನ್ನು ಮನುಷ್ಯನು ದುಡಿದು ಸಂಪಾದಿಸಬಲ್ಲನು; ಬ್ರಹ್ಮಚರ್ಯವನ್ನು ಸಂಕಲ್ಪಬಲದಿಂದ ಪಾಲಿಸಬಲ್ಲನು; ನಿದ್ರೆಯನ್ನು ಮಾತ್ರ ಆಜ್ಞೆಮಾಡಿ ಕರೆಯಲಾರನು. ಪ್ರಯತ್ನವು ಹೆಚ್ಚಿದಷ್ಟೂ ಅದು ದೂರ ಸರಿಯುವುದು. ನಮ್ಮ ನುಡಿಯ ಜಾಯಮಾನದಲ್ಲಿಯೇ ಈ ತಿಳಿವಳಿಕೆ ಅಡಗಿದೆ. ‘ನನಗೆ ನಿದ್ದೆ ಬಂತು’, ‘ನಿದ್ದೆ ಹತ್ತಿತು’, ‘ನಿದ್ದೆ ಹಾರಿಹೋಯಿತು’ ಎಂಬ ವಾಕ್ಯಗಳಲ್ಲೆಲ್ಲ ನಿದ್ದೆಯೇ ಕರ್ತೃ. ಮಲಗಿದವನು ಚತುರ್ಥೀ ವಿಭಕ್ತಿಯಲ್ಲಿ ನಿಂತು ಅದರ ಬರವನ್ನು ಕಾಯತಕ್ಕವನು. ‘ನಿದ್ದೆ ಮಾಡಿದನು’ ಎಂಬ ಪ್ರಯೋಗವೂ ಉಂಟು. ಆದರೆ ಅದು ನಿದ್ದೆ ಬಂದಮೇಲಿನ ಮಾತು.

ಹೀಗೆ ತಾನಾಗಿ ಬರತಕ್ಕ ನಿದ್ರೆಯನ್ನು ಯಂತ್ರದ ಮೂಲಕ ತರಿಸಬಹುದೆಂಬ ಮಾತು ಈಚಿನ ವರ್ಷಗಳಲ್ಲಿ ಕೇಳಬರುತ್ತಿದೆ. ತಲೆಯ ಮೇಲೆ ತಂತಿಯ ಸುರುಳಿಯೊಂದನ್ನು ಹಿಡಿದು, ಅದರಿಂದ ಹೊರಡುವ ಕಾಂತಶಕ್ತಿಯ ಬಡಿತಗಳನ್ನು ಮಿದುಳಿಗೆ ಮುಟ್ಟಿಸುವ ಈ ವಿಧಾನಕ್ಕೆ ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್ ಎಂದು ಹೆಸರು. ಈ ಯಂತ್ರವು ಮಾಡುವುದೇನು, ಅದು ದೀರ್ಘಕಾಲದ ಅನಿದ್ರೆಗೆ ಔಷಧವೆಂಬುದಕ್ಕೆ ಪ್ರಮಾಣವೆಷ್ಟಿದೆ, ಅದನ್ನು ಕನ್ನಡದಲ್ಲಿ ಏನೆಂದು ಕರೆದರೆ ರೋಗಿಯು ಮೋಸಹೋಗನು ಎಂಬ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡಲಾಗುವುದು. ಮೂರನೆಯದು ಕೇವಲ ಶಬ್ದದ ಪ್ರಶ್ನೆಯೆಂದು ತೋರಬಹುದು. ಅದು ಹಾಗಲ್ಲವೆಂಬುದು ಮುಂದೆ ವ್ಯಕ್ತವಾಗುವುದು.

೧. ವ್ಯಾಧಿಯ ಲಕ್ಷಣ

ಒಂದೆರಡು ರಾತ್ರಿ ಕಣ್ಣು ಮುಚ್ಚದಿರುವುದು ವ್ಯಾಧಿಯಲ್ಲ. ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿಗೆ ಸೇರಿದ ಯಸಳೂರು ಹೋಬಳಿಯನ್ನೇ ಉದಾಹರಣೆಗಾಗಿ ತೆಗೆದುಕೊಳ್ಳೋಣ. ಸಕಲೇಶಪುರ ಮತ್ತು ಆಲೂರು ಸೀಮೆಯ ಗದ್ದೆತೋಟಗಳಿಗೆ ಕಾಡಾನೆಗಳು ಇಳಿಯುವುದು ಬಹುಕಾಲದಿಂದ ನಡೆದುಬಂದಿದೆ. ೨೦೧೪ರಲ್ಲಿ ಈ ಭಾಗದಿಂದ ಇಪ್ಪತ್ತಕ್ಕೂ ಮೇಲ್ಪಟ್ಟು ಆನೆಗಳನ್ನು ಹಿಡಿದು ಸಾಗಿಸಿದಮೇಲೂ ಆ ಭಯವು ತೀರಲಿಲ್ಲ. ಬತ್ತ ಹಣ್ಣಾಗುವ ದಿನಗಳಲ್ಲಿ ರಾತ್ರಿಯ ಕಾವಲು, ಕಾಫಿಯ ಹೂಮಳೆಗಾಗಿ ಮುಗಿಲನ್ನು ನೋಡುತ್ತ ಕಳೆಯುವ ಬೇಸಗೆಯ ಇರುಳುಗಳು, ಇವೆಲ್ಲ ನಿದ್ದೆಗೇಡಿಗೆ ಸಹಜವಾದ ಕಾರಣಗಳು. ಕಾರಣವು ಹೋದೊಡನೆ ನಿದ್ದೆಯು ಮರಳಿತೆಂದರೆ ಅಲ್ಲಿ ವೈದ್ಯನಿಗೆ ಕೆಲಸವಿಲ್ಲ. ಮಲಗುವುದಕ್ಕೆ ಹೊತ್ತೂ ಸ್ಥಳವೂ ಇದ್ದು, ವಾರಕ್ಕೆ ಮೂರು ರಾತ್ರಿಗೆ ಕಡಮೆಯಿಲ್ಲದಂತೆ ಮೂರು ತಿಂಗಳ ಪರ್ಯಂತ ನಿದ್ದೆ ಬಾರದೆ, ಅಥವಾ ಬಂದದ್ದು ನಿಲ್ಲದೆ, ಅದರಿಂದ ಹಗಲಿನ ಕೆಲಸಕ್ಕೂ ಕುಂದುಬಂದರೆ ಅದನ್ನು ದೀರ್ಘಕಾಲದ ಅನಿದ್ರೆಯೆಂದು ಈಗಿನ ವೈದ್ಯಶಾಸ್ತ್ರವು ಗಣಿಸುತ್ತದೆ.

ಚರಕನು ಅನಿದ್ರೆಗೆ ಕಾರ್ಯ, ಕಾಲ, ವಿಕಾರ, ಪ್ರಕೃತಿ, ವಾಯು ಎಂಬ ಐದು ಕಾರಣಗಳನ್ನು ಹೇಳಿದ್ದಾನೆ. ಅಮೆರಿಕದ ಸ್ಪೀಲ್ಮನ್ ಎಂಬ ಮನಶ್ಶಾಸ್ತ್ರಜ್ಞರು ೧೯೮೭ರಲ್ಲಿ ಸಂಗಡಿಗರೊಡನೆ ಪ್ರತಿಪಾದಿಸಿದ ಮತದಲ್ಲಿ ಕಾರಣಗಳು ಮೂರು: ಹುಟ್ಟಿನಿಂದ ಬಂದ ಪ್ರಕೃತಿ, ನಿದ್ದೆಯನ್ನು ಮೊದಲು ಕೆಡಿಸಿದ ನಿಮಿತ್ತ, ನಿಮಿತ್ತವು ಹೋದಮೇಲೂ ನಿದ್ದೆಗೇಡನ್ನು ಸಾಕಿಕೊಂಡು ಬರುವ ಅಭ್ಯಾಸ. ಈ ಮೂರನೆಯದೇ ಹೊಸ ವಿಚಾರ. ಆನೆಯು ಕಾಡಿಗೆ ಹೋಯಿತು. ಆದರೆ ಆರು ವಾರ ಕಾವಲಿದ್ದವನು ಈಗ ಹಾಸಿಗೆಗೆ ಬೇಗನೆ ಹೋಗಿ ತಡವಾಗಿ ಏಳುವನು, ಮಧ್ಯಾಹ್ನವೂ ಒರಗುವನು, ರಾತ್ರಿಯೆಲ್ಲ ಗಡಿಯಾರ ನೋಡುವನು. ಕ್ರಮೇಣ ಹಾಸಿಗೆಯೇ ಎಚ್ಚರದ ಸ್ಥಾನವಾಗುವುದು. ಆಲಂಕಾರಿಕರು ವಿರಹದ ದಶಾವಸ್ಥೆಗಳಲ್ಲಿ ನಿದ್ರಾಚ್ಛೇದವನ್ನು ಹೇಳುವಾಗ, ತಂಪನ್ನೀಯಬೇಕಾದ ಬೆಳುದಿಂಗಳೂ ಹೂವಿನ ಹಾಸಿಗೆಯೂ ಸುಡುವುವೆಂದು ಕವಿಗಳು ವರ್ಣಿಸುವುದನ್ನು ವಾಚಕರು ಬಲ್ಲರು. ಅನಿದ್ರಾರೋಗಿಯ ಹಾಸಿಗೆಯೂ ಅಂಥದೇ. ಸುಖಸಾಧನವೇ ಕ್ಲೇಶಸಾಧನವಾಗಿ ತಿರುಗಿದೆ.

ಕಾಫಿಯ ಸೀಮೆಯಲ್ಲಿ ಮತ್ತೊಂದು ಮಾತನ್ನು ಹೇಳದಿರಬಾರದು. ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯವು ಸೇರುತ್ತಬಂದು, ಸಂಜೆಯಾದಂತೆ ಕಣ್ಣೆವೆಗಳನ್ನು ಭಾರವಾಗಿಸುತ್ತದೆ. ಕಾಫಿಯಲ್ಲಿರುವ ಕೆಫೀನು ಆ ದ್ರವ್ಯವು ಕೆಲಸಮಾಡುವ ಜಾಗವನ್ನು ತಾನು ಆಕ್ರಮಿಸಿ ಅದನ್ನು ತಡೆಯುವುದು. ರೊಬಸ್ಟಾ ಬೀಜದಲ್ಲಿ ಕೆಫೀನು ಅರೇಬಿಕಾದಲ್ಲಿರುವುದರ ಸುಮಾರು ಎರಡರಷ್ಟು; ಕುಡಿದದ್ದರಲ್ಲಿ ಅರ್ಧವು ಸುಮಾರು ೫ ಗಂಟೆಗಳಾದಮೇಲೂ ಶರೀರದಲ್ಲಿ ಉಳಿದಿರುವುದು. ಸಂಜೆ ಆರಕ್ಕೆ ಕುಡಿದ ಲೋಟದ ಅರ್ಧವು ರಾತ್ರಿ ಹನ್ನೊಂದಕ್ಕೆ ಹಾಸಿಗೆಗೂ ಜೊತೆಯಾಗಿ ಬರುವುದೆಂದರೆ ತಪ್ಪಾಗದು.

೨. ಆರದ ದೀಪ

ಜರ್ಮನಿಯ ಹಾನ್ಸ್ ಬೆರ್ಗರ್ ಎಂಬವರು ೧೯೨೪ರಲ್ಲಿ ಮನುಷ್ಯನ ನೆತ್ತಿಯಿಂದ ಮಿದುಳಿನ ವಿದ್ಯುತ್ತರಂಗಗಳನ್ನು ಗುರುತಿಸಿ ೧೯೨೯ರಲ್ಲಿ ಪ್ರಕಟಿಸಿದರು. ಅಲ್ಲಿಂದೀಚೆಗೆ ನಿದ್ರೆಯನ್ನು ಅಳೆಯುವುದು ಸಾಧ್ಯವಾಯಿತು. ಎಚ್ಚರವಿದ್ದಾಗ ಸಣ್ಣದಾಗಿಯೂ ಬಿರುಸಾಗಿಯೂ ಇರುವ ಅಲೆಗಳು ಗಾಢನಿದ್ರೆಯಲ್ಲಿ ದೊಡ್ಡದಾಗಿ, ನಿಧಾನವಾಗಿ, ಸೆಕೆಂಡಿಗೆ ಒಂದೆರಡರಂತೆ ಏಳುವುವು. ಅನಿದ್ರಾರೋಗಿಗಳಲ್ಲಿ ನಿದ್ದೆ ಬಂದಮೇಲೂ ಎಚ್ಚರದ ಬಿರುಸಲೆಗಳು ಬೆರೆತಿರುವುದು ಹಲವರಲ್ಲಿ ಕಂಡುಬಂದಿದೆ. ಮಿದುಳು ಸಕ್ಕರೆಯನ್ನು ವ್ಯಯಮಾಡುವ ಪ್ರಮಾಣವನ್ನು ಚಿತ್ರಿಸಿ ನೋಡಿದ ೨೦೦೪ರ ಒಂದು ಅಮೆರಿಕನ್ ಸಂಶೋಧನೆಯಲ್ಲಿ, ಆರೋಗ್ಯವಂತರು ನಿದ್ರಿಸಿದಾಗ ತಗ್ಗುವ ಭಾಗಗಳು ಅನಿದ್ರಾರೋಗಿಗಳಲ್ಲಿ ಅಷ್ಟು ತಗ್ಗಲಿಲ್ಲವೆಂದು ಗೊತ್ತಾಯಿತು. ಆದಕಾರಣ ಅನಿದ್ರೆಯೆಂದರೆ ನಿದ್ರೆಯ ಅಭಾವ ಮಾತ್ರವಲ್ಲ, ಎಚ್ಚರದ ಅತಿರೇಕ ಎಂಬುದು ಇಂದಿನ ಪ್ರಬಲ ಮತ. ಮನೆಯವರೆಲ್ಲ ಮಲಗಿದಮೇಲೂ ಆರಿಸದೆ ಉಳಿದ ದೀಪದಂತೆ ಮಿದುಳಿನ ಕೆಲವು ಭಾಗಗಳು ಉರಿಯುತ್ತಲೇ ಇರುವುವು. ಅಯಸ್ಕಾಂತ ಚಿಕಿತ್ಸೆಯ ಆಸೆಯೆಲ್ಲ ಆ ದೀಪದ ಬತ್ತಿಯನ್ನು ತಗ್ಗಿಸುವುದರಲ್ಲಿದೆ.

೩. ಯಂತ್ರದ ತತ್ತ್ವ

ಬದಲಾಗುತ್ತಿರುವ ಕಾಂತಕ್ಷೇತ್ರವು ತನ್ನ ಬಳಿಯಿರುವ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುವುದೆಂದು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ೧೮೩೧ರಲ್ಲಿ ತೋರಿಸಿದರು. ಇಲ್ಲಿ ‘ಬದಲಾಗುತ್ತಿರುವ’ ಎಂಬ ವಿಶೇಷಣವೇ ಪ್ರಾಣ. ಫ್ರಾನ್ಸಿನ ದಾರ್ಸೋನ್ವಾಲ್ ೧೮೯೬ರಲ್ಲಿ ದೊಡ್ಡ ಸುರುಳಿಯೊಳಗೆ ತಲೆಯಿಟ್ಟವರಿಗೆ ಕಣ್ಣಿನಲ್ಲಿ ಮಿಂಚು ಕಾಣುವುದನ್ನು ವರದಿಮಾಡಿದರು. ಆದರೆ ಮಿದುಳಿನ ಗೊತ್ತಾದ ಜಾಗವೊಂದನ್ನು ನೋವಿಲ್ಲದೆ ಮುಟ್ಟುವ ಕೆಲಸವು ಕೈಗೂಡಿದ್ದು ೧೯೮೫ರಲ್ಲಿ. ಶೆಫೀಲ್ಡ್ ನಗರದ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ನೆತ್ತಿಯ ಒಂದು ಪಕ್ಕಕ್ಕೆ ಸುರುಳಿಯನ್ನು ಹಿಡಿದು ಎದುರು ಪಕ್ಕದ ಕೈಯ ಸ್ನಾಯುಗಳು ತಾವಾಗಿ ಅಲುಗುವಂತೆ ಮಾಡಿದರು. ಇದಕ್ಕೆ ಮುಂಚೆ ನೇರವಾಗಿ ವಿದ್ಯುತ್ತನ್ನೇ ಹಾಯಿಸಿದವರು ಇದ್ದರು. ಆದರೆ ತಲೆಬುರುಡೆಯು ವಿದ್ಯುತ್ತಿಗೆ ಬಲವಾದ ಅಡ್ಡಿಯಾದುದರಿಂದ ನೆತ್ತಿಯ ಚರ್ಮಕ್ಕೆ ನೋವಾಗುತ್ತಿತ್ತು. ಕಾಂತಕ್ಷೇತ್ರಕ್ಕೆ ಬುರುಡೆಯು ಅಡ್ಡಿಯಲ್ಲ.

ಯಂತ್ರದಲ್ಲಿ ಶೇಖರವಾದ ವಿದ್ಯುತ್ತು ಕ್ಷಣಾರ್ಧಕ್ಕಿಂತ ಎಷ್ಟೋ ಕಡಮೆ ಕಾಲದಲ್ಲಿ, ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಒಳಗಾಗಿ, ಸಾವಿರಾರು ಆಂಪಿಯರಿನ ಬಲದಿಂದ ಸುರುಳಿಯಲ್ಲಿ ಹರಿದುಹೋಗುವುದು. ಆಗ ಸುರುಳಿಯ ಬಳಿಯಲ್ಲಿ ೧.೫ರಿಂದ ೨ ಟೆಸ್ಲಾದವರೆಗಿನ ಕಾಂತಕ್ಷೇತ್ರವು ಎದ್ದು ಬೀಳುವುದು. ಇದು ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದಲ್ಲಿರುವಷ್ಟೇ ಬಲ. ಆ ಏಳುಬೀಳಿನಿಂದ ಬುರುಡೆಯ ಒಳಗೆ ಎರಡು ಮೂರು ಸೆಂಟಿಮೀಟರಿನ ಆಳದವರೆಗೆ ಅಲ್ಪವಾದ ವಿದ್ಯುತ್ಪ್ರವಾಹವು ಹುಟ್ಟಿ ನರಕೋಶಗಳನ್ನು ಎಬ್ಬಿಸುವುದು. ಒಂದೇ ಬಡಿತದ ಪರಿಣಾಮವು ಆಗಲೇ ಅಳಿಯುತ್ತದೆ. ಒಂದೇ ಜಾಗಕ್ಕೆ ನೂರಾರು ಬಡಿತಗಳನ್ನು ಲಯವಾಗಿ ಕೊಟ್ಟರೆ ಪರಿಣಾಮವು ಕೆಲಕಾಲ ಉಳಿಯುವುದು. ಅದು ಯಾವ ಪರಿಣಾಮವೆಂಬುದು ಲಯವನ್ನು ಅವಲಂಬಿಸಿದೆ. ಸೆಕೆಂಡಿಗೆ ಐದು ಹತ್ತರಂತೆ ಬಡಿದರೆ ಆ ಜಾಗದ ಚುರುಕು ಸಾಮಾನ್ಯವಾಗಿ ಹೆಚ್ಚುವುದು. ಸೆಕೆಂಡಿಗೆ ಒಂದರಂತೆ ನಿಧಾನವಾಗಿ ಬಡಿದರೆ ತಗ್ಗುವುದು. ಅನಿದ್ರೆಗೆ ಹೆಚ್ಚಾಗಿ ಪ್ರಯೋಗಿಸಿರುವುದು ಈ ನಿಧಾನಲಯವನ್ನು. ಹೆಚ್ಚಾಗಿ ಆರಿಸಿಕೊಂಡಿರುವ ಜಾಗವು ಹಣೆಯ ಹಿಂದೆ ಬಲಪಕ್ಕದ ಮೇಲುಭಾಗ. ರೋಗಿಯು ಎಚ್ಚರವಾಗಿಯೇ ಕುರ್ಚಿಯಲ್ಲಿ ಒರಗಿರುವನು. ಟಕಟಕ ಸದ್ದು ಜೋರಾಗಿರುವುದರಿಂದ ಕಿವಿಗೆ ಬಿರಡೆಯಿಡುವರು. ಮೊದಲು ಹೆಬ್ಬೆರಳು ಅಲುಗುವಷ್ಟು ಬಲವನ್ನು ಕಂಡುಕೊಂಡು ಅದರಿಂದ ಆ ರೋಗಿಗೆ ತಕ್ಕ ಪ್ರಮಾಣವನ್ನು ನಿರ್ಣಯಿಸುವರು. ಒಂದು ಸರದಿಗೆ ಸುಮಾರು ಅರ್ಧ ಗಂಟೆ. ವಾರಕ್ಕೆ ಐದು ದಿನದಂತೆ ಎರಡರಿಂದ ನಾಲ್ಕು ವಾರ.

ತಲೆನೋವು, ನೆತ್ತಿಯ ನೋವು ಇದರ ಸಾಮಾನ್ಯ ಉಪದ್ರವಗಳು. ಸೆಳವು ಬರುವುದು ಬಹು ವಿರಳ. ತಲೆಯೊಳಗೆ ಲೋಹದ ತುಣುಕು ಅಥವಾ ಕಿವಿಯೊಳಗೆ ಶ್ರವಣಯಂತ್ರವನ್ನು ಶಸ್ತ್ರಕ್ರಿಯೆಯಿಂದ ಇಡಿಸಿಕೊಂಡವರಿಗೆ ಇದು ನಿಷಿದ್ಧ. ಮೂರ್ಛೆರೋಗವುಳ್ಳವರಲ್ಲಿ ವಿಶೇಷ ಎಚ್ಚರಿಕೆ ಬೇಕು.

೪. ಹೆಸರಿನ ವಿಚಾರ

ಈಗ ಹೆಸರಿಗೆ ಬರೋಣ. ‘ಅಯಸ್ಕಾಂತ ಚಿಕಿತ್ಸೆ’ಯೆಂಬುದು ಕೇಳುವುದಕ್ಕೆ ಸುಲಭವಾಗಿದೆ, ಶಿರೋನಾಮೆಯಲ್ಲಿ ನಾವೂ ಅದನ್ನೇ ಬಳಸಿರುವುದು ಜನದ ಬಾಯಲ್ಲಿರುವ ಮಾತಿನಿಂದ ಹೊರಡಬೇಕೆಂದು. ಆದರೆ ಅದರಲ್ಲಿ ಅಪಾಯವಿದೆ. ಅಯಸ್ಕಾಂತದ ದಿಂಬು, ಅಯಸ್ಕಾಂತದ ಪಟ್ಟಿ, ಅಯಸ್ಕಾಂತವಿಟ್ಟ ನೀರು ಎಂದು ಮಾರುವವರುಂಟು. ಅವುಗಳಲ್ಲಿರುವುದು ಸ್ಥಿರವಾದ ಸೂಜಿಗಲ್ಲು. ಅದರ ಕ್ಷೇತ್ರವು ಬದಲಾಗುವುದಿಲ್ಲವಾದುದರಿಂದ ಫ್ಯಾರಡೆಯ ನಿಯಮದಂತೆ ಅದು ಮಿದುಳಿನಲ್ಲಿ ವಿದ್ಯುತ್ತನ್ನು ಹುಟ್ಟಿಸಲಾರದು. ಒಂದೇ ಹೆಸರಿನ ಕೆಳಗೆ ಎರಡನ್ನೂ ತಂದರೆ ಆಸ್ಪತ್ರೆಯ ಪ್ರಯೋಗಕ್ಕಿರುವ ಗೌರವವು ಅಂಗಡಿಯ ದಿಂಬಿಗೂ ಸಂದುಬಿಡುವುದು.

‘ಕಾಂತೀಯ ಪ್ರಚೋದನೆ’, ‘ಕಾಂತೀಯ ಉದ್ದೀಪನ’ ಎಂದರೆ ಮೂಲಕ್ಕೆ ಸಮೀಪವೆನ್ನಬಹುದು. ಆದರೆ ಪ್ರಚೋದನೆಯೆಂದರೆ ಮುಂದಕ್ಕೆ ನೂಕುವುದು. ಉದ್ದೀಪನವೆಂದರೆ ಉರಿಯನ್ನು ಹೆಚ್ಚಿಸುವುದು. ಆಲಂಕಾರಿಕರ ಉದ್ದೀಪನವಿಭಾವವನ್ನು ಬಲ್ಲವನು, ಎಚ್ಚರವೇ ಹೆಚ್ಚಾಗಿರುವ ರೋಗಿಗೆ ಉದ್ದೀಪನವೇಕೆಂದು ಕೇಳದಿರನು. ಆ ಪ್ರಶ್ನೆಯು ನ್ಯಾಯವಾದುದೇ. ನಿಧಾನಲಯದ ಬಡಿತವು ಇಲ್ಲಿ ಮಾಡಬೇಕಾದುದು ಶಮನವನ್ನು. ಇಂಗ್ಲಿಷಿನ ಶಬ್ದದಲ್ಲಿಯೂ ಇದೇ ದೋಷವಿದೆ. ಭಾಷಾಂತರದಲ್ಲಿ ಅದನ್ನೂ ಹೊತ್ತುತರುವ ಅವಶ್ಯಕತೆಯಿಲ್ಲ. ಏರಿಕೆ ಇಳಿಕೆಗಳೆರಡಕ್ಕೂ ಸಲ್ಲುವ, ಬಡಿತವೆಂಬ ಅರ್ಥವನ್ನು ಮಾತ್ರ ಹೇಳುವ ‘ಸ್ಪಂದ’ವನ್ನು ಆಶ್ರಯಿಸಿ ‘ಕಾಂತಸ್ಪಂದ ಚಿಕಿತ್ಸೆ’ ಎನ್ನುವುದು ಮೇಲೆಂದು ತೋರುತ್ತದೆ. ಸ್ಥಿರವಾದ ಸೂಜಿಗಲ್ಲಿಗೆ ಸ್ಪಂದವಿಲ್ಲವಾದುದರಿಂದ ಮೊದಲಿನ ಗೊಂದಲವೂ ಇದರಿಂದ ನಿವಾರಣೆಯಾಗುವುದು.

ಹಳ್ಳಿಗಳಲ್ಲಿ ಮತ್ತೊಂದು ಮಾತಿದೆ: ‘ಕರೆಂಟು ಕೊಡಿಸುವುದು’. ಇದು ೧೯೩೮ರಲ್ಲಿ ಇಟಲಿಯ ಚೆರ್ಲೆಟ್ಟಿ ಮತ್ತು ಬಿನಿ ಎಂಬವರು ಆರಂಭಿಸಿದ, ಸೆಳವನ್ನು ಬರಿಸುವ ವಿದ್ಯುಚ್ಚಿಕಿತ್ಸೆಗೆ ಜನವಿಟ್ಟ ಹೆಸರು. ಆ ಚಿಕಿತ್ಸೆಗೂ ತನ್ನದೇ ಆದ ಉಪಯೋಗವಿದೆ. ಅರಿವಳಿಕೆಯೂ ಸ್ನಾಯುಶೈಥಿಲ್ಯದ ಔಷಧವೂ ಇಲ್ಲದೆ ಅದನ್ನು ಕೊಡಕೂಡದೆಂದು ಭಾರತದ ೨೦೧೭ರ ಮಾನಸಿಕ ಆರೋಗ್ಯರಕ್ಷಣಾ ಕಾಯಿದೆಯು ವಿಧಿಸಿದೆ. ಕಾಂತಸ್ಪಂದವು ಅದಲ್ಲ. ಇಲ್ಲಿ ಅರಿವಳಿಕೆಯಿಲ್ಲ, ಸೆಳವನ್ನು ಬರಿಸುವ ಉದ್ದೇಶವೂ ಇಲ್ಲ. ಸರದಿ ಮುಗಿದಮೇಲೆ ರೋಗಿಯು ತಾನೇ ಎದ್ದು ನಡೆದು ಹೋಗುವನು. ಹೆಸರು ತಪ್ಪಿದರೆ ಬೇಕಾದವನು ಹೆದರಿ ಹಿಂದೆಗೆಯುವನು. ಬೇಡದವನು ನಂಬಿ ಹಣ ಕಳೆಯುವನು.

೫. ಪ್ರಮಾಣದ ಪರೀಕ್ಷೆ

ಅಯಸ್ಕಾಂತಕ್ಕೂ ನಿದ್ರೆಗೂ ಗಂಟುಹಾಕಿದ್ದು ಇದೇ ಮೊದಲಲ್ಲ. ಹದಿನೆಂಟನೆಯ ಶತಮಾನದಲ್ಲಿ ಮೆಸ್ಮರ್ ಎಂಬ ವೈದ್ಯನು ‘ಪ್ರಾಣಿಕಾಂತತ್ವ’ವೆಂಬ ಶಕ್ತಿಯಿಂದ ರೋಗಗಳನ್ನು ಗುಣಪಡಿಸುವೆನೆಂದು ಪ್ಯಾರಿಸಿನಲ್ಲಿ ಪ್ರಸಿದ್ಧನಾದನು. ೧೭೮೪ರಲ್ಲಿ ಫ್ರಾನ್ಸಿನ ಅರಸನು ನೇಮಿಸಿದ ಮಂಡಲಿಯಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್, ಲವಾಸಿಯೇ ಮೊದಲಾದವರಿದ್ದರು. ಅವರು ರೋಗಿಗಳ ಕಣ್ಣಿಗೆ ಬಟ್ಟೆ ಕಟ್ಟಿಸಿ, ಶಕ್ತಿಯನ್ನು ಹಾಯಿಸದಿದ್ದಾಗ ಹಾಯಿಸಿದೆವೆಂದೂ, ಹಾಯಿಸಿದಾಗ ಇಲ್ಲವೆಂದೂ ಭ್ರಮೆಹುಟ್ಟಿಸಿ ನೋಡಿದರು. ಪರಿಣಾಮವು ಶಕ್ತಿಯನ್ನಲ್ಲ, ರೋಗಿಯ ಕಲ್ಪನೆಯನ್ನು ಹಿಂಬಾಲಿಸಿತು. ಆದರೂ ಅದೇ ವಿಧಾನವು ಭಾರತಕ್ಕೂ ಬಂದಿತು. ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಶಸ್ತ್ರವೈದ್ಯರು ೧೮೪೫ರಿಂದ ಮುಂದಕ್ಕೆ ರೋಗಿಗಳನ್ನು ಮೆಸ್ಮರನ ನಿದ್ರೆಗೆ ತಂದು ಶಸ್ತ್ರಕ್ರಿಯೆಗಳನ್ನು ನಡೆಸಿದರು.

ಕಾಂತಸ್ಪಂದವನ್ನು ಮೆಸ್ಮರನ ಸಾಲಿಗೆ ಸೇರಿಸುವುದು ಅನ್ಯಾಯ. ಇದರ ಶಕ್ತಿಯು ಅಳತೆಗೆ ಸಿಕ್ಕುವುದು, ಹೆಬ್ಬೆರಳು ಕಲ್ಪನೆಯಿಂದ ಅಲುಗುವುದಿಲ್ಲ. ನಿದ್ರೆಯೊಡನೆ ಇದಕ್ಕೆ ನಿಜವಾದ ಸಂಬಂಧವೂ ಉಂಟು. ಮಸಿಮೀನಿ ಮತ್ತು ಸಂಗಡಿಗರು ೨೦೦೫ರಲ್ಲಿ ತೋರಿಸಿದಂತೆ, ಎಚ್ಚರವಿದ್ದಾಗ ಒಂದು ಬಡಿತದ ಪ್ರತಿಧ್ವನಿಯು ಮಿದುಳಿನ ದೂರದ ಭಾಗಗಳಿಗೂ ಹಬ್ಬುವುದು; ಗಾಢನಿದ್ರೆಯಲ್ಲಿ ಅದು ಹುಟ್ಟಿದಲ್ಲಿಯೇ ಉಡುಗುವುದು. ೨೦೦೭ರಲ್ಲಿ ಅವರೇ, ಮಲಗಿರುವವನ ಮಿದುಳಿನಲ್ಲಿ ಬಡಿತವೊಂದಕ್ಕೆ ಒಂದರಂತೆ ಗಾಢನಿದ್ರೆಯ ದೊಡ್ಡ ಅಲೆಗಳನ್ನು ಎಬ್ಬಿಸಿದರು. ಆದರೆ ಇಲ್ಲಿ ಸೂಕ್ಷ್ಮವಾಗಿ ನೋಡಬೇಕು: ಅಲೆಯನ್ನು ಎಬ್ಬಿಸಿದ್ದು ಆಗಲೇ ನಿದ್ರೆಯಲ್ಲಿದ್ದವನಲ್ಲಿ. ಎಚ್ಚರವಿದ್ದವನನ್ನು ನಿದ್ರೆಗೆ ಕರೆದೊಯ್ದಂತೆ ಇದರಿಂದ ಸಿದ್ಧಿಸದು.

ಚಿಕಿತ್ಸೆಯ ಪ್ರಯೋಗಗಳಲ್ಲಿ ಬಹುಪಾಲು ಚೀನಾದೇಶದಲ್ಲಿ ನಡೆದಿವೆ. ಮೇಲಿಂದ ಮೇಲೆ ಉಲ್ಲೇಖವಾಗುವುದು ೨೦೧೩ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಅದರಲ್ಲಿ ೧೨೦ ಮಂದಿ ರೋಗಿಗಳನ್ನು ನಲವತ್ತರಂತೆ ಮೂರು ಪಂಗಡ ಮಾಡಿ, ಒಂದಕ್ಕೆ ಕಾಂತಸ್ಪಂದವನ್ನೂ, ಒಂದಕ್ಕೆ ಔಷಧವನ್ನೂ, ಒಂದಕ್ಕೆ ಮನಶ್ಚಿಕಿತ್ಸೆಯನ್ನೂ ಎರಡು ವಾರ ಕೊಟ್ಟು, ಮೊದಲನೆಯ ಪಂಗಡಕ್ಕೆ ಹೆಚ್ಚು ಗುಣವಾಯಿತೆಂದು ಬರೆದಿದ್ದಾರೆ. ಆಮೇಲಿನ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರೂ ಅನುಕೂಲವಾದ ಫಲವನ್ನೇ ಕಂಡಿದ್ದಾರೆ. ಆದರೆ ಆ ೨೦೧೩ರ ಪ್ರಯೋಗದಲ್ಲಿ ಹುಸಿ ಸುರುಳಿಯ ಪಂಗಡವೊಂದಿರಲಿಲ್ಲ. ಮನಶ್ಚಿಕಿತ್ಸೆಯು ಫಲಕೊಡುವುದಕ್ಕೆ ಎರಡು ವಾರವು ಅಲ್ಪಕಾಲ. ಫ್ರ್ಯಾಂಕ್ಲಿನ್ನರ ಕಣ್ಣುಪಟ್ಟಿಯ ಕೆಲಸವನ್ನು ಈಗ ಹುಸಿ ಸುರುಳಿಯು ಮಾಡಬೇಕು: ಅದು ಸದ್ದುಮಾಡುವುದು, ಕಾಂತಕ್ಷೇತ್ರವನ್ನು ಕೊಡದು. ನಿಜವಾದ ಸುರುಳಿಯಾದರೋ ನೆತ್ತಿಯನ್ನು ಕುಟ್ಟಿದಂತೆ ಮಾಡುವುದು. ಆದ್ದರಿಂದ ತನಗೆ ಯಾವುದು ಬಂದಿದೆಯೆಂದು ರೋಗಿಯು ಹಲವು ವೇಳೆ ಊಹಿಸಬಲ್ಲನು. ಅಲ್ಲದೆ ಗುಣವನ್ನು ಬಹುಮಟ್ಟಿಗೆ ಅಳೆದಿರುವುದು ಪ್ರಶ್ನಾವಳಿಗಳಿಂದ. ಚಿಕಿತ್ಸೆಯಾಯಿತೆಂಬ ನೆಮ್ಮದಿಯೇ ಅರ್ಧ ನಿದ್ದೆಯನ್ನು ತರುವ ಈ ವ್ಯಾಧಿಯಲ್ಲಿ ಆ ನೆಮ್ಮದಿಯ ಪಾಲೆಷ್ಟು, ಸ್ಪಂದದ ಪಾಲೆಷ್ಟು ಎಂದು ಬೇರ್ಪಡಿಸದೆ ಸಿದ್ಧಾಂತ ಮಾಡಲಾಗದು. ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯು ಈ ಯಂತ್ರಗಳಿಗೆ ೨೦೦೮ರಲ್ಲಿ ಖಿನ್ನತೆಗೂ, ೨೦೧೮ರಲ್ಲಿ ಗೀಳುರೋಗಕ್ಕೂ, ೨೦೨೦ರಲ್ಲಿ ಧೂಮಪಾನವನ್ನು ಬಿಡಿಸುವುದಕ್ಕೂ ಸಮ್ಮತಿಕೊಟ್ಟಿತು. ಆ ಪಟ್ಟಿಯಲ್ಲಿ ಅನಿದ್ರೆಯ ಹೆಸರಿಲ್ಲ. ಪ್ರಯೋಗಾವಸ್ಥೆಯಲ್ಲಿರುವ, ಆಸೆಹುಟ್ಟಿಸುವ ಚಿಕಿತ್ಸೆಯೆಂಬುದೇ ಇದಕ್ಕೆ ಸಲ್ಲುವ ಮಾತು.

೬. ಮಲೆನಾಡಿನ ರೋಗಿಯು ಮಾಡತಕ್ಕದ್ದು

೧೯೫೪ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ೧೯೭೪ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಖಿನ್ನತೆ ಮೊದಲಾದ ವ್ಯಾಧಿಗಳಿಗೆ ಕಾಂತಸ್ಪಂದವನ್ನು ಅಲ್ಲಿ ಬಳಸುತ್ತಾರೆ. ಅದೇ ಸಂಸ್ಥೆಯ ನಿದ್ರಾಪ್ರಯೋಗಶಾಲೆಯಿಂದ ೨೦೦೬ರಲ್ಲಿ ಹೊರಟ ಒಂದು ಅಧ್ಯಯನವು ಇಲ್ಲಿ ಸ್ಮರಣೀಯ: ವಯಸ್ಸಾದಂತೆ ಗಾಢನಿದ್ರೆಯು ಸಾಮಾನ್ಯರಲ್ಲಿ ಕುಗ್ಗುತ್ತಬಂದರೂ, ವಿಪಶ್ಯನ ಮತ್ತು ಸುದರ್ಶನ ಕ್ರಿಯೆಗಳ ದೀರ್ಘಾಭ್ಯಾಸವುಳ್ಳ ನಡುವಯಸ್ಸಿನವರಲ್ಲಿ ಅದು ಅಷ್ಟಾಗಿ ಕುಗ್ಗಿರಲಿಲ್ಲ. ಅಭ್ಯಾಸವು ನಿದ್ರೆಯನ್ನು ಕೆಡಿಸಬಲ್ಲುದಾದರೆ ಕಾಪಾಡಲೂ ಬಲ್ಲುದೆಂದು ಊಹಿಸುವುದಕ್ಕೆ ಇದು ಎಡೆಗೊಡುತ್ತದೆ.

ಸಕಲೇಶಪುರದಿಂದ ಬೆಂಗಳೂರು ೨೦೦ ಕಿಲೋಮೀಟರಿಗೂ ಮಿಕ್ಕ ದಾರಿ. ಯಸಳೂರಿನ ರೋಗಿಯು ಕಾಂತಸ್ಪಂದವನ್ನು ಪಡೆಯಬೇಕಾದರೆ ಎರಡರಿಂದ ನಾಲ್ಕು ವಾರ ನಗರದಲ್ಲಿ ಬಿಡಾರ ಮಾಡಬೇಕು. ಕೊಯ್ಲಿನ ಕಾಲವಾದರೆ ಅದು ಅವನಿಗೆ ಸಣ್ಣ ನಷ್ಟವಲ್ಲ. ಆದಕಾರಣ ಕ್ರಮವನ್ನು ತಿಳಿದಿರುವುದು ಅವಶ್ಯ. ಮೊದಲು, ಅನಿದ್ರೆಯು ಸ್ವತಂತ್ರ ವ್ಯಾಧಿಯೋ ಮತ್ತೊಂದರ ಲಕ್ಷಣವೋ ಎಂದು ವೈದ್ಯನಿಂದ ನೋಡಿಸಬೇಕು. ಖಿನ್ನತೆ, ಮದ್ಯಪಾನ, ಥೈರಾಯ್ಡಿನ ವಿಕಾರ, ಗೊರಕೆಯೊಡನೆ ಉಸಿರುಕಟ್ಟುವುದು, ಇವುಗಳಲ್ಲಿ ಒಂದಿದ್ದರೆ ಚಿಕಿತ್ಸೆಯು ಅದಕ್ಕೇ ಆಗತಕ್ಕದ್ದು. ಹಾಸನದಲ್ಲಿ ೨೦೦೬ರಿಂದ ವೈದ್ಯಕೀಯ ಕಾಲೇಜಿದೆ. ಮನಸ್ಸಿನ ಕ್ಲೇಶಕ್ಕೆ ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿಯ ೧೪೪೧೬ ಸಂಖ್ಯೆಯಲ್ಲಿ ಸಲಹೆ ದೊರೆಯುವುದು.

ಎರಡನೆಯದಾಗಿ, ಅಭ್ಯಾಸವನ್ನು ತಿದ್ದುವ ಚಿಕಿತ್ಸೆ. ಅಮೆರಿಕದ ವೈದ್ಯರ ಕಾಲೇಜು ೨೦೧೬ರಲ್ಲಿ ಔಷಧಕ್ಕಿಂತ ಮೊದಲು ಇದನ್ನೇ ಕೊಡಬೇಕೆಂದು ವಿಧಿಸಿತು. ಇದರ ನಿಯಮಗಳು ಕಠಿನವಾದರೂ ಸರಳ: ನಿದ್ದೆ ತೂಗಿದಾಗ ಮಾತ್ರ ಮಲಗುವುದು; ನಿದ್ದೆ ಬಾರದಿದ್ದರೆ ಹಾಸಿಗೆಯನ್ನು ಬಿಟ್ಟೇಳುವುದು; ಎಷ್ಟೇ ಹೊತ್ತಿಗೆ ನಿದ್ದೆ ಬಂದಿರಲಿ, ಬೆಳಗ್ಗೆ ಗೊತ್ತಾದ ಹೊತ್ತಿಗೆ ಏಳುವುದು; ಹಾಸಿಗೆಯಲ್ಲಿ ಕಳೆಯುವ ಕಾಲವನ್ನು ನಿಜವಾಗಿ ಬರುವ ನಿದ್ದೆಯ ಕಾಲಕ್ಕೆ ಸರಿಯಾಗಿ ಕುಗ್ಗಿಸಿ, ನಿದ್ದೆ ಗಟ್ಟಿಯಾದಂತೆ ಹಿಗ್ಗಿಸುವುದು. ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ಹೆಚ್ಚುವುದರಿಂದ ವಾಹನ ನಡೆಸುವವರೂ ಮರಹತ್ತಿ ಮೆಣಸು ಕೊಯ್ಯುವವರೂ ಇದನ್ನು ಬಲ್ಲವರ ಮೇಲ್ವಿಚಾರಣೆಯಲ್ಲಿಯೇ ಮಾಡಬೇಕು. ಇದಕ್ಕೆ ಯಂತ್ರವು ಬೇಡ, ಊರುಬಿಡುವುದು ಬೇಡ. ಇಷ್ಟರಿಂದಲೂ ಗುಣವಾಗದವನು, ಅಥವಾ ಅನಿದ್ರೆಯ ಜೊತೆಗೆ ಔಷಧಕ್ಕೆ ಬಗ್ಗದ ಖಿನ್ನತೆಯುಳ್ಳವನು, ವೈದ್ಯನೊಡನೆ ಕಾಂತಸ್ಪಂದದ ಮಾತೆತ್ತುವುದು ಯುಕ್ತ.

ಮೇಲಣ ವಿಚಾರದಿಂದ ನಿಷ್ಪನ್ನವಾಗುವುದೇನೆಂದರೆ, ಯಂತ್ರವಾಗಲಿ ನಿಯಮವಾಗಲಿ ನಿದ್ರೆಯನ್ನು ತರುವುದಿಲ್ಲ. ನಿಯಮವು ಎಚ್ಚರವನ್ನು ಸಾಕುವ ಅಭ್ಯಾಸವನ್ನು ಕಳೆಯುವುದು, ಯಂತ್ರವು ಎಚ್ಚರದ ಉರಿಯನ್ನು ತಗ್ಗಿಸಲು ಯತ್ನಿಸುವುದು. ಅಡ್ಡಿಯು ತೊಲಗಿದಲ್ಲಿ ನಿದ್ದೆಯು ತಾನಾಗಿ ಬರುವುದು. ಆದ್ದರಿಂದ ‘ನಿದ್ದೆ ತರಿಸುವ ಯಂತ್ರ’ವೆಂದು ಇದನ್ನು ಬಣ್ಣಿಸುವವರು ವೈದ್ಯಶಾಸ್ತ್ರಕ್ಕೂ ಕನ್ನಡದ ಕಾರಕಕ್ಕೂ ಒಟ್ಟಿಗೇ ಅಪಚಾರ ಮಾಡುತ್ತಾರೆ. ಪಾಠಶಾಲೆಗಳಲ್ಲಿ ನುಡಿಯನ್ನು ಕಲಿಸುವವರೂ ಕೋಶಗಳನ್ನು ರಚಿಸುವವರೂ ಇಂಥ ಹೊಸ ವಸ್ತುಗಳಿಗೆ ಸರಿಯಾದ ಹೆಸರನ್ನು ಸಕಾಲದಲ್ಲಿ ಒದಗಿಸಿದರೆ, ದೂರದ ಹೋಬಳಿಯ ರೋಗಿಗೂ ತಾನು ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದು ಆಸ್ಪತ್ರೆಯ ಮೆಟ್ಟಲು ಹತ್ತುವ ಮೊದಲೇ ತಿಳಿದಿರುವುದು.